ಗೈಡಿಗೆಷ್ಟು, ಬಸ್ಸಿಗೆಷ್ಟು?

ಹಾಂಗ್‌ಕಾಂಗ್ ದ್ವೀಪವನ್ನು ಒಂದು ಹಗಲಲ್ಲಿ ಸುತ್ತಿಸಿ ತರುವ ಟೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಮಾನ್ ಮೊ ದೇವಸ್ಥಾನ, ವಿಕ್ಟೋರಿಯಾ ಪೀಕ್, ಅಬರ್ಡೀನ್ ದೋಣಿ ಬಂದರು, ಒಂದು ಆಭರಣ ಕಾರ್ಖಾನೆ, ಸ್ಟ್ಯಾನ್ಲಿ ಮಾರುಕಟ್ಟೆ. ಈ ಪಟ್ಟಿಯಲ್ಲಿ ‘ತೋರಿಸಿ’ ಎಂದು ಯಾವ ಪ್ರವಾಸಿಯೂ ಕೇಳದ ಜಾಗ ಒಂದೇ ಒಂದು. ಅಲ್ಲೇ ಬಸ್ಸು ಹೆಚ್ಚು ಹೊತ್ತು ನಿಲ್ಲುವುದು.

ಈ ಅಂಕಣಕಾರನೂ ಅವನ ಹೆಂಡತಿಯೂ ಟೂರು ಬುಕ್ ಮಾಡುವಾಗ ಚೌಕಾಸಿಗೆ ಹೋಗಲಿಲ್ಲ. ‘ಊಟ ಬೇಡ ಅಂದ್ರೆ ಎಷ್ಟು?’ ಎಂದು ಕೇಳಿದವಳು ಹೆಂಡತಿ. ಇಬ್ಬರೂ ಸಸ್ಯಾಹಾರಿಗಳು, ಸೀಗಡಿ ತುಂಬಿದ ಡಿಮ್ ಸಮ್‌ಗೆ ದುಡ್ಡು ಕಟ್ಟಿ ಎಲೆಕೋಸು ತಿಂದು ಏಳುವುದರಲ್ಲಿ ಅರ್ಥವಿಲ್ಲ ಎಂಬುದು ಅವಳ ವಾದ. ತಲಾ 680 ಹಾಂಗ್‌ಕಾಂಗ್ ಡಾಲರ್ ಇದ್ದದ್ದು 560ಕ್ಕೆ ಇಳಿಯಿತು. ಡಾಲರಿಗೆ ಹನ್ನೊಂದು ರೂಪಾಯಿಯಂತೆ ಹಿಡಿದರೂ ಇಬ್ಬರಿಗೂ ಸೇರಿ ಎರಡೂವರೆ ಸಾವಿರಕ್ಕೂ ಮಿಕ್ಕಿ ಉಳಿಯಿತು. ಮಧ್ಯಾಹ್ನ ಸ್ಟ್ಯಾನ್ಲಿಯ ಕಡಲ ದಂಡೆಯಲ್ಲಿ ಕೂತು, ಮನೆಯಿಂದ ಕಟ್ಟಿ ತಂದಿದ್ದ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು.

ಅಲ್ಲಿನ ಡಾಲರಿನ ವಿಷಯದಲ್ಲಿ ಒಂದು ಅನುಕೂಲವಿದೆ. 1983ರಿಂದ ಅದನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಿದ್ದಾರೆ. 2005ರಿಂದ ಒಂದು ಅಮೆರಿಕನ್ ಡಾಲರಿಗೆ 7.75ರಿಂದ 7.85ರ ನಡುವೆಯೇ ಓಡಾಡಬೇಕು. ಹಾಗಾಗಿ ಹಾಂಗ್‌ಕಾಂಗ್ ದರವನ್ನು ಬೇರೆಯಾಗಿ ಗಮನಿಸುವ ಕೆಲಸವಿಲ್ಲ. ಅಮೆರಿಕದ ಡಾಲರಿನೆದುರು ರೂಪಾಯಿ ಕುಸಿದರೆ ಹಾಂಗ್‌ಕಾಂಗಿನ ಖರ್ಚೂ ಏರಿತು ಎಂದೇ ಲೆಕ್ಕ.

ಕೊಟ್ಟ ದುಡ್ಡು ಸಾರ್ಥಕವಾಯಿತು ಅನ್ನಿಸಿದ್ದು ಮಾನ್ ಮೊ ದೇವಸ್ಥಾನದಲ್ಲಿ. ಹಾಲಿವುಡ್ ರಸ್ತೆಯ ಈ ಗುಡಿ 1847ರ ಸುಮಾರಿನದು. ಮಾನ್ ವಿದ್ಯೆಯ ದೇವರು, ಮೊ ಯುದ್ಧದ ದೇವರು. ಚಾವಣಿಯಿಂದ ಸುರುಳಿ ಸುರುಳಿಯಾಗಿ ಇಳಿಬಿದ್ದ ದೊಡ್ಡ ಊದುಬತ್ತಿಗಳ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಹೊರಬರುವವರೇ ಹೆಚ್ಚು. ಆದರೆ ಗೈಡಮ್ಮ ಅಲ್ಲಿಯೇ ನಿಲ್ಲಿಸಿ ಹಳೆಯ ವ್ಯಾಜ್ಯಗಳ ಕಥೆ ಹೇಳಿದಳು. ಹಳದಿ ಕಾಗದದ ಮೇಲೆ ಪ್ರಮಾಣ ಬರೆದು, ಹುಂಜದ ತಲೆ ಕತ್ತರಿಸಿ, ಕಾಗದ ಸುಟ್ಟು ತೀರ್ಮಾನ ಮಾಡಿಕೊಳ್ಳುತ್ತಿದ್ದರಂತೆ. ಧರ್ಮಸ್ಥಳದಲ್ಲಿ ಆಣೆ ಮಾಡುವುದನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷ.

ಆಭರಣ ಕಾರ್ಖಾನೆಯಲ್ಲಿ ನಲವತ್ತು. ಮೊದಲು ಗಾಜಿನಾಚೆ ಕೂತ ಕುಶಲಕರ್ಮಿಗಳನ್ನು ತೋರಿಸುತ್ತಾರೆ, ಆಮೇಲೆ ಬಾಗಿಲು ಶೋರೂಮಿಗೇ ತೆರೆದುಕೊಳ್ಳುತ್ತದೆ. ‘ಟ್ಯಾಕ್ಸ್ ಫ್ರೀ’ ಎಂಬ ಫಲಕ ಎದ್ದು ಕಾಣುತ್ತಿತ್ತು. ಹಾಂಗ್‌ಕಾಂಗಿನಲ್ಲಿ ಜಿಎಸ್‌ಟಿಯಂಥ ಮಾರಾಟ ತೆರಿಗೆಯೇ ಇಲ್ಲ; ಬೀದಿಬದಿಯ ಛತ್ರಿ ಅಂಗಡಿಯೂ ಟ್ಯಾಕ್ಸ್ ಫ್ರೀಯೇ. ಇನ್ನು ಭಾರತಕ್ಕೆ ಬಂದಿಳಿದಾಗ ಆಭರಣಕ್ಕಿರುವ ವಿಶೇಷ ಸುಂಕ ವಿನಾಯಿತಿ ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಿಗೇ ಹೊರತು ವಾರದ ಪ್ರವಾಸಿಗಲ್ಲ. ಗಿರಾಕಿ ಕರೆತಂದವರಿಗೆ ಅಂಗಡಿಯವರು ಕಮಿಷನ್ ಕೊಡುವುದು ಈ ಉದ್ಯಮದ ಹಳೆಯ ರೂಢಿ. ಅಗ್ಗದ ಟೂರು ಅಗ್ಗವಾಗುವುದೂ ಎಷ್ಟೋ ಸಲ ಅದರಿಂದಲೇ. 2010ರಲ್ಲಿ ಅಲ್ಲಿನ ಗೈಡ್ ಒಬ್ಬಳು, ಏನೂ ಕೊಳ್ಳದ ಚೀನಾದ ಪ್ರವಾಸಿಗರನ್ನು ಬಸ್ಸಿನಲ್ಲೇ ಬೈದ ವಿಡಿಯೊ ಹರಿದಾಡಿ ದೊಡ್ಡ ರಂಪವಾಗಿತ್ತು. ಇವರ ಗೈಡಮ್ಮ ಹಾಗೆ ಮಾಡಲಿಲ್ಲ, ಪಾಪ. ಎರಡು ಸಲ ಗಡಿಯಾರ ನೋಡಿದಳು, ಅಷ್ಟೇ.

ಪೀಕ್‌ಗೆ ಬಸ್ಸೇ ಹತ್ತಿಸಿತು. 1888ರಿಂದ ಓಡುತ್ತಿರುವ ಪೀಕ್ ಟ್ರ್ಯಾಮಿಗೆ ಬೇರೆ ಟಿಕೆಟ್. ಅಲ್ಲಿನ ಕೌಂಟರಿನಲ್ಲಿ ಕಾರ್ಡ್ ಯಂತ್ರ ‘ರೂಪಾಯಿಯೋ, ಹಾಂಗ್‌ಕಾಂಗ್ ಡಾಲರೋ’ ಎಂದು ಕೇಳಿತು. ರೂಪಾಯಿ ಎಂದರೆ ಎಷ್ಟು ಕಡಿತವಾಗುತ್ತದೆಂದು ಆಗಲೇ ಗೊತ್ತಾಗುತ್ತದೆ ನಿಜ, ಆದರೆ ವಿನಿಮಯ ದರವನ್ನು ಅವರೇ ತಮಗೆ ಲಾಭವಾಗುವಂತೆ ಹಾಕಿಕೊಂಡಿರುತ್ತಾರೆ. ಅಲ್ಲಿಯ ಹಣವನ್ನೇ ಆರಿಸಬೇಕು. ನಮ್ಮ ಬ್ಯಾಂಕಿನ ಶುಲ್ಕ ಸಾಮಾನ್ಯವಾಗಿ ಶೇ 2ರಿಂದ 3.5, ಅದರ ಮೇಲೆ ಜಿಎಸ್‌ಟಿ ಸೇರಿದರೂ ಅದೇ ವಾಸಿ.

ಸಂಜೆ ಟೂರು ಮುಗಿದ ಮೇಲೆ ಇಬ್ಬರೂ ಸ್ಟಾರ್ ಫೆರಿ ಹತ್ತಿದರು. ಮುಂಬೈ ಕಡೆಯಿಂದ ಹೋದ ಪಾರ್ಸಿ ದೊರಾಬ್ಜಿ ನವರೋಜಿ ಮಿಠಾಯಿವಾಲಾ 1888ರಲ್ಲಿ ಕಟ್ಟಿದ ಕಂಪನಿಗೆ 1898ರಲ್ಲಿ ಬಂದ ಹೆಸರು ಅದು. ಟಿಕೆಟ್ಟು ಐದಾರು ಡಾಲರ್. 1904ರಲ್ಲಿ ಶುರುವಾಗಿ ಆಮೇಲೆ ಎರಡಂತಸ್ತಾದ ಬೀದಿ ಟ್ರ್ಯಾಮಿಗೆ ಅದಕ್ಕಿಂತಲೂ ಕಡಿಮೆ, ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ. ಪೀಕ್‌ಗೂ ಸೆಂಟ್ರಲ್‌ನಿಂದ 15ನೇ ನಂಬರಿನ ಸಿಟಿ ಬಸ್ಸಿದೆ. ‘ರೀ, ಹಾಗಾದ್ರೆ ನಾವು ಅಷ್ಟು ಕೊಟ್ಟಿದ್ದು ಯಾವುದಕ್ಕೆ?’ ಎಂದಳು ಹೆಂಡತಿ. ಹೆಚ್ಚಿನ ಪಾಲು ಎ.ಸಿ. ಬಸ್ಸಿಗೆ.

ಮಂಡಿನೋವಿನವರಿಗೆ, ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಆ ಬಸ್ಸು ಬೇಕು. ಅವರಿಗೆ ಅದು ದುಬಾರಿಯೂ ಅಲ್ಲ. ನಡೆಯಬಲ್ಲ ಜೋಡಿಗಾದರೆ ಹಳೆಯ ಬೀದಿಗಳಿಗೆ ಅರ್ಧ ದಿನ ಗೈಡ್ ಸಾಕು, ಮಿಕ್ಕಿದ್ದಕ್ಕೆ ಬಸ್ಸು, ಟ್ರ್ಯಾಮು, ಫೆರಿಗಳಿಗೆಲ್ಲ ನಡೆಯುವ ಒಂದು ಆಕ್ಟೋಪಸ್ ಕಾರ್ಡ್. ಯಾವುದನ್ನು ಆರಿಸಿಕೊಂಡರೂ ಮುಂಗಡ ಕಟ್ಟುವ ಮುಂಚೆ ಊಟ ಬಿಟ್ಟರೆ ದರವೆಷ್ಟು, ಅಂಗಡಿಯಲ್ಲಿ ನಿಲ್ಲುವುದು ಎಷ್ಟು ಹೊತ್ತು ಎಂದು ಬರೆದು ಕೇಳಿ. ಬರಹದಲ್ಲಿ ಉತ್ತರ ಕೊಡದ ಏಜೆಂಟರನ್ನು ಬಿಟ್ಟು ಮುಂದಿನವರಿಗೆ ಫೋನ್ ಮಾಡಿ.