ಬಾಣಂತನದಲ್ಲೂ ಒಂದು ಶುಗರ್ ಪರೀಕ್ಷೆ

ಪ್ರಶ್ನೆ: ವಯಸ್ಸು 27, ಚೊಚ್ಚಲ ಹೆರಿಗೆ. ಮೂರನೇ ತಿಂಗಳಲ್ಲಿ ಶುಗರ್ ನಾರ್ಮಲ್ ಇತ್ತು. ಆರನೇ ತಿಂಗಳಲ್ಲಿ ಗ್ಲೂಕೋಸ್ ನೀರು ಕುಡಿಸಿ ನೋಡಿದಾಗ 162 ಬಂತು. ಪಥ್ಯದಲ್ಲೇ ಹತೋಟಿಯಲ್ಲಿತ್ತು. ಹೆರಿಗೆಯಾದ ಮಾರನೇ ದಿನ ಮತ್ತೆ ನಾರ್ಮಲ್. ಆರು ವಾರಕ್ಕೆ ಇನ್ನೊಮ್ಮೆ ಪರೀಕ್ಷೆಗೆ ಬನ್ನಿ ಎಂದಿದ್ದಾರೆ. ‘ಎಲ್ಲ ಸರಿಹೋದ ಮೇಲೆ ಬಾಣಂತಿಗೆ ಯಾಕೆ ಸೂಜಿ’ ಎಂಬುದು ಅಮ್ಮನ ವಾದ. ಹೋಗಲೇಬೇಕೆ?

ಉತ್ತರ: ಹೋಗಲೇಬೇಕು. ಬಸುರಿನಲ್ಲಿ ಮಾಸು ಸುರಿಸುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಐದಾರು ತಿಂಗಳು ದಾಟಿದ ಮೇಲೆ ಈ ಅಡ್ಡಿ ಜೋರು. ಮೊದಲ ಭೇಟಿಯಲ್ಲಿ ನಾರ್ಮಲ್ ಬಂದವರಿಗೂ 24ರಿಂದ 28 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆಯುವುದು ಅದಕ್ಕೇ. 140 ಮುಟ್ಟಿದರೆ ಗರ್ಭಿಣಿ ಮಧುಮೇಹ.

ಹೆರಿಗೆಯಲ್ಲಿ ಮಾಸು ಹೊರಬಿತ್ತು, ಅಡ್ಡಿಯೂ ಹೋಯಿತು. ಮಾರನೇ ದಿನದ ನಾರ್ಮಲ್ ಅಷ್ಟನ್ನೇ ಹೇಳುತ್ತದೆ. ನಿಮ್ಮ ಮೇದೋಜೀರಕ ಗ್ರಂಥಿಗೆ ಹೆಚ್ಚುವರಿ ಹೊರೆ ತಾಳುವ ಶಕ್ತಿ ಕಡಿಮೆ ಎಂಬುದು ಆರನೇ ತಿಂಗಳಲ್ಲೇ ಗೊತ್ತಾಗಿದೆ. ಮುಂದೆ ಕಾಯಂ ಮಧುಮೇಹ ಬರುವ ಸಾಧ್ಯತೆ ನಿಮ್ಮಂಥವರಿಗೆ ಹಲವು ಪಟ್ಟು ಹೆಚ್ಚು.

ಈ ಸಲದ ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ. ಎರಡು ಗಂಟೆಯ ಬಳಿಕ 140ರ ಕೆಳಗಿದ್ದರೆ ಒಳ್ಳೆಯದು, 199ರವರೆಗೆ ಎಚ್ಚರಿಕೆ, 200 ಮುಟ್ಟಿದರೆ ಮಧುಮೇಹ. ಗ್ಲೂಕೋಸ್ ಕುಡಿಯಲು ಬೇಸರವೆಂದು ಎಚ್‌ಬಿಎ1ಸಿ ಮಾಡಿಸಿ ಸುಮ್ಮನಾಗಬೇಡಿ. ಹೆರಿಗೆಯ ರಕ್ತಸ್ರಾವದ ಮೇಲೆ ಆ ಅಂಕಿ ದಾರಿ ತಪ್ಪಿಸುತ್ತದೆ. ಮಗುವಿಗೂ ಆರು ವಾರಕ್ಕೆ ಲಸಿಕೆ ಇದೆಯಲ್ಲ, ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ಬೆಳಗ್ಗೆ ಬೇಗ ಹೋಗಿ. ಕಾಯುವ ಹೊತ್ತಿನಲ್ಲಿ ಹಾಲೂಡಿಸಲು ಅಡ್ಡಿಯಿಲ್ಲ. ತಾಯಿ ಕಾರ್ಡ್ ಗಂಡನ ಮನೆಯಲ್ಲೇ ಉಳಿದಿದ್ದರೆ ಈಗಲೇ ತರಿಸಿಕೊಳ್ಳಿ.

ಫಲಿತಾಂಶ ನಾರ್ಮಲ್ ಬಂದರೂ ವರ್ಷಕ್ಕೊಮ್ಮೆ ನೋಡಿಸಿ. ಅಂಟಿನುಂಡೆಯ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸೊಪ್ಪು, ಬೇಳೆ, ಮೊಟ್ಟೆ ಧಾರಾಳವಾಗಿರಲಿ; ಉಂಡೆಯನ್ನು ಅಮ್ಮನ ಸಮಾಧಾನಕ್ಕೆ ಚೂರು ತಿಂದರೆ ಸಾಕು.

ಪ್ರಶ್ನೆ: ಮೊಮ್ಮಗುವಿಗೆ ಮೂರನೇ ದಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತ ಇಳಿಸಿಕೊಂಡರು. ಥೈರಾಯ್ಡ್ ಪರೀಕ್ಷೆಯಂತೆ. ಈಗ ಮತ್ತೆ ಕರೆದಿದ್ದಾರೆ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ಭಯವಾಗುತ್ತಿದೆ.

ಉತ್ತರ: ಮರುಪರೀಕ್ಷೆಗೆ ಕರೆದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಇಂಥ ಎಷ್ಟೋ ಮಕ್ಕಳಿಗೆ ಎರಡನೇ ಸಲ ನಾರ್ಮಲ್ ಬರುತ್ತದೆ. ಹುಟ್ಟಿದೊಡನೆ ಟಿಎಸ್‌ಎಚ್ ತಾನಾಗಿ ಏರಿ ಇಳಿಯುವುದರಿಂದಲೇ 48 ಗಂಟೆ ಕಾದು ರಕ್ತ ತೆಗೆಯುತ್ತಾರೆ. ಆದರೆ ‘ಚೆನ್ನಾಗಿದೆ’ ಎಂದು ತಡಮಾಡಬೇಡಿ. ಗರ್ಭದಲ್ಲಿದ್ದಾಗ ತಾಯಿಯ ಹಾರ್ಮೋನ್ ಆಸರೆ ಇದ್ದುದರಿಂದ ಕೊರತೆಯಿರುವ ಮಗುವೂ ಮೊದಮೊದಲು ಆರೋಗ್ಯವಾಗಿಯೇ ಕಾಣುತ್ತದೆ. ಲಕ್ಷಣ ಕಾಣುವಷ್ಟರಲ್ಲಿ ಮೆದುಳಿಗೆ ಪೆಟ್ಟಾಗಿರುತ್ತದೆ. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಮಗು ಉಳಿದವರಂತೆಯೇ ಬೆಳೆಯುತ್ತದೆ. ಚಿಕಿತ್ಸೆ ಎಂದರೂ ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ, ಒಂದಿಷ್ಟು ಎದೆಹಾಲಲ್ಲಿ ಕಲಸಿ ಚಮಚದಲ್ಲಿ ಕುಡಿಸುವುದು, ಅಷ್ಟೇ.

ಪ್ರಶ್ನೆ: ನನ್ನದು ಓ ನೆಗೆಟಿವ್, ಪತಿಯದು ಪಾಸಿಟಿವ್. ಮೊದಲ ಮಗುವಿಗೆ ಏನೂ ತೊಂದರೆಯಾಗಲಿಲ್ಲ. ಈ ಸಲವೂ ದುಬಾರಿ ಇಂಜೆಕ್ಷನ್ ಬೇಕೆ?

ಉತ್ತರ: ಬೇಕು, ರಕ್ತದಲ್ಲಿ ಪ್ರತಿಕಾಯ ಹುಟ್ಟಿಲ್ಲ ಎಂದು ಐಸಿಟಿ ಪರೀಕ್ಷೆ ಹೇಳಿದರೆ. ತೊಂದರೆ ಸಾಮಾನ್ಯವಾಗಿ ಎರಡನೆಯ ಮಗುವಿನಿಂದ ಶುರು. 28ನೇ ವಾರಕ್ಕೊಂದು ಆಂಟಿ-ಡಿ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ನಡುವೆ ಗರ್ಭಪಾತವೇನಾದರೂ ಆಗಿತ್ತೆ, ಆಗ ಇಂಜೆಕ್ಷನ್ ಹಾಕಿದ್ದರೆ ಎಂಬುದನ್ನು ನಿಮ್ಮ ವೈದ್ಯರಿಗೆ ಮುಚ್ಚಿಡದೆ ತಿಳಿಸಿ.