ನಮ್ಮ ಬಾವಿಯ ಮೋಟಾರು ಸುಟ್ಟದ್ದು ಏಕೆ?



ಕಳೆದ ಬೇಸಿಗೆಯಲ್ಲಿ ನಮ್ಮ ತೋಟದ ಬಾವಿಯ 10 ಹೆಚ್.ಪಿ. ಮೋಟಾರು ಸುಟ್ಟುಹೋಯಿತು. ಟೊಮೆಟೊ ಕಾಯಿ ಕಚ್ಚಿದ ಹೊತ್ತು. ಎಂಟು ದಿನ ನೀರಿಲ್ಲದೆ ಅರ್ಧ ಗಿಡ ಒಣಗಿದವು. ಅದು ಸುಟ್ಟದ್ದು ನನ್ನ ಕೈಯಿಂದಲೇ ಎಂದು ಆಗ ನನಗೆ ಗೊತ್ತಿರಲಿಲ್ಲ. ವೈಂಡಿಂಗ್ ಅಂಗಡಿಯಲ್ಲಿ ಕುಳಿತು ಕೇಳಿ, ಆಮೇಲೆ ವಿಜ್ಞಾನದ ಮೇಷ್ಟ್ರ ಹತ್ತಿರ ಲೆಕ್ಕ ಹಾಕಿಸಿಕೊಂಡ ಮೇಲೆ ತಿಳಿಯಿತು. ಬೆಳಿಗ್ಗೆ ಎದ್ದು ಮೋಟಾರು ಹಾಕಿ ಶಾಲೆಗೆ ಬರುವವರು ನಮ್ಮ ತರಗತಿಯಲ್ಲಿ ಹತ್ತು ಹನ್ನೆರಡು ಜನ ಇದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೈಯಿಂದ ದೂಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್. ಹಿಡಿಯನ್ನು ಒಂದು ಕಡೆಗೆ ತಳ್ಳಿ ಹಿಡಿದುಕೊಂಡರೆ ಸ್ಟಾರ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆಗೆ ಎಳೆದರೆ ಡೆಲ್ಟಾ. ಡೆಲ್ಟಾದಲ್ಲಿ ಒಳಗಿನ ನೋ ವೋಲ್ಟ್ ಕಾಯಿಲು ಹಿಡಿಯನ್ನು ಕಚ್ಚಿಕೊಂಡು ನಿಲ್ಲಿಸುತ್ತದೆ. ನನಗೋ ಅವಸರ. ಒಂದು, ಎರಡು ಎಂದು ಎಣಿಸಿ ಎಳೆದುಬಿಡುತ್ತಿದ್ದೆ. ದಿನ ಬಿಟ್ಟು ದಿನ ಫ್ಯೂಸು ಹೋಗುತ್ತಿತ್ತು. ನಮ್ಮ ಚಿಕ್ಕಪ್ಪ ನೋಡಿ, "ಡೆಲ್ಟಾಕ್ಕೆ ಎಳೆದಾಗ್ಲೇ ಫ್ಯೂಸ್ ಹೋಗ್ತದೆ. ಸ್ಟಾರ್‌ನಲ್ಲಿ ಕರೆಂಟ್ ಕಮ್ಮಿ ಎಳೀತದೆ, ಅಲ್ಲೇ ಬಿಡು ಮಗ" ಅಂದರು. ನಾನು ಹಿಡಿಯನ್ನು ಸ್ಟಾರ್‌ನಲ್ಲೇ ಹಗ್ಗದಿಂದ ಬಿಗಿದು ಕಟ್ಟಿದೆ. ಫ್ಯೂಸು ಹೋಗಲಿಲ್ಲ. ನನಗೆ ಭಾರಿ ಖುಷಿ. ನಾಲ್ಕನೇ ದಿನ ಪಂಪಿನ ಮನೆಯಿಂದ ಸುಟ್ಟ ವಾಸನೆ ಬಂತು.

ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದ ಅರ್ಧ ತಿಳಿಯಬೇಕಾದರೆ ಮೋಟಾರಿನ ಒಳಗೆ ಇಣುಕಬೇಕು.

ಹೊರಗಿನ ನಿಂತ ಭಾಗ ಸ್ಟೇಟರ್. ಅದರಲ್ಲಿ ಮೂರು ಫೇಸಿಗೆ ಮೂರು ಸುರುಳಿ. ಮೂರು ಫೇಸಿನ ಕರೆಂಟು ಒಂದರ ಹಿಂದೆ ಒಂದು ಏರಿ ಇಳಿಯುವುದರಿಂದ ಒಳಗೆ ಕಾಂತಕ್ಷೇತ್ರವೇ ಗಿರಗಿರ ತಿರುಗುತ್ತದೆ. ನಡುವಿನ ರೋಟರಿಗೆ ಹೊರಗಿನಿಂದ ಒಂದು ತಂತಿಯೂ ಹೋಗುವುದಿಲ್ಲ! ಅದರಲ್ಲಿರುವುದು ತಾಮ್ರದ ಇಲ್ಲವೆ ಅಲ್ಯೂಮಿನಿಯಂ ಸರಳುಗಳು, ಎರಡು ತುದಿಗೂ ಬಳೆ ಹಾಕಿ ಸೇರಿಸಿರುತ್ತಾರೆ. ನೋಡಲು ಅಳಿಲಿನ ಪಂಜರದ ಹಾಗಿರುವುದರಿಂದ ಹೆಸರೂ ಅದೇ. ಇಂಥ ಪಂಜರದ ಮೂರು ಫೇಸ್ ಮೋಟಾರನ್ನು 1889ರಲ್ಲಿ ಜರ್ಮನಿಯ ಎ.ಇ.ಜಿ. ಕಂಪನಿಯಲ್ಲಿದ್ದ ಡೊಲಿವೊ ಡೊಬ್ರೊವೊಲ್ಸ್ಕಿ ಎಂಬ ಇಂಜಿನಿಯರ್ ಮಾಡಿದರು. ಅದರ ಹಿಂದಿನ ವರ್ಷವೇ ನಿಕೋಲಾ ಟೆಸ್ಲಾ ತಿರುಗುವ ಕಾಂತಕ್ಷೇತ್ರದ ಮೋಟಾರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು.

ನಮ್ಮ ಮೋಟಾರಿನ ತಗಡಿನ ಮೇಲೆ 1440 ಎಂದು ಬರೆದಿದೆ. ಕಾಂತಕ್ಷೇತ್ರ ತಿರುಗುವುದು ನಿಮಿಷಕ್ಕೆ 1500 ಸುತ್ತು. ರೋಟರ್ ಯಾವಾಗಲೂ ಸ್ವಲ್ಪ ಹಿಂದೆ. ಈ 60 ಸುತ್ತಿನ ವ್ಯತ್ಯಾಸ ಇರುವುದರಿಂದಲೇ ಕ್ಷೇತ್ರವು ಸರಳುಗಳನ್ನು ಹಾದುಹೋಗಿ ಅವುಗಳಲ್ಲಿ ಕರೆಂಟು ಹುಟ್ಟಿಸುತ್ತದೆ. ಈಗ ಯೋಚಿಸಿ, ಸ್ವಿಚ್ ಹಾಕಿದ ಕ್ಷಣದಲ್ಲಿ ರೋಟರ್ ನಿಂತೇ ಇರುತ್ತದೆ. ಆಗ ವ್ಯತ್ಯಾಸ 60 ಅಲ್ಲ, ಪೂರ್ತಿ 1500! ಸರಳುಗಳಲ್ಲಿ ಭಾರಿ ಕರೆಂಟು ಹರಿಯುತ್ತದೆ, ಅದಕ್ಕೆ ತಕ್ಕಂತೆ ಸ್ಟೇಟರೂ ಲೈನಿನಿಂದ ಎಳೆದುಕೊಳ್ಳುತ್ತದೆ. ಓಡುವಾಗ 14 ಆಂಪಿಯರ್ ತಿನ್ನುವ ಮೋಟಾರು ನೇರವಾಗಿ ಹೊರಟರೆ ಅದರ ಐದರಿಂದ ಏಳು ಪಟ್ಟು ಕೇಳುತ್ತದೆ. ತ್ರೀಫೇಸ್ ಬಂದ ತಕ್ಷಣ ಊರ ಮಂದಿಯೆಲ್ಲ ಮೋಟಾರು ಹಾಕಿದಾಗ ಮನೆಯ ಬಲ್ಬು ಕೆಂಪಗಾಗುವುದನ್ನು ನೀವೂ ನೋಡಿರುತ್ತೀರಿ.

ಇದನ್ನು ತಗ್ಗಿಸುವ ಉಪಾಯವೇ ಸ್ಟಾರ್. ಮೂರು ಬೆಂಕಿಕಡ್ಡಿ ತೆಗೆದುಕೊಳ್ಳಿ. ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸುತ್ತಾ ಹೋದರೆ ತ್ರಿಕೋನ. ಇದು ಡೆಲ್ಟಾ. ಮೂರರ ಬಾಲಗಳನ್ನೂ ನಡುವೆ ಒಂದೇ ಕಡೆ ಸೇರಿಸಿ, ತಲೆಗಳನ್ನು ಮೂರು ದಿಕ್ಕಿಗೆ ಬಿಟ್ಟರೆ ಸ್ಟಾರ್. ಕಡ್ಡಿ ಎಂದರೆ ಸುರುಳಿ, ಲೈನ್ ತಂತಿ ಬರುವುದು ಮೂರು ತಲೆಗಳಿಗೆ. ಡೆಲ್ಟಾದಲ್ಲಿ ಪ್ರತಿ ಸುರುಳಿಯೂ ಎರಡು ಲೈನುಗಳ ನಡುವೆ ಒಂಟಿಯಾಗಿ ನಿಂತಿದೆ, ಪೂರ್ತಿ 415 ವೋಲ್ಟ್ ಅದಕ್ಕೇ. ಸ್ಟಾರ್‌ನಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗಲು ಎರಡು ಸುರುಳಿ ದಾಟಬೇಕು. ಒಂದೊಂದಕ್ಕೆ ಸಿಗುವುದು 415ನ್ನು ಮೂರರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 240. (ಅರ್ಧ ಯಾಕಲ್ಲ ಎಂದು ನಾನೂ ಕೇಳಿದೆ. ಮೂರು ಫೇಸೂ ಒಟ್ಟಿಗೆ ಏರುವುದಿಲ್ಲವಲ್ಲ, ಅದಕ್ಕೆ 2 ಅಲ್ಲ, 1.732.)

ಲೆಕ್ಕಕ್ಕೆ ಸುಲಭವಾಗಲೆಂದು, ನಿಂತ ಮೋಟಾರಿನ ಪ್ರತಿ ಸುರುಳಿಯ ತಡೆ 10 ಓಮ್ ಎಂದು ಇಟ್ಟುಕೊಳ್ಳಿ. ಡೆಲ್ಟಾದಲ್ಲಿ ಸುರುಳಿಯ ಕರೆಂಟು 415 ಭಾಗಿಸು 10, ಅಂದರೆ 41.5 ಆಂಪಿಯರ್. ಆದರೆ ಒಂದೊಂದು ಲೈನ್ ತಂತಿ ಎರಡೆರಡು ಸುರುಳಿಗೆ ಹಂಚಬೇಕು. ಹಾಗಾಗಿ ಲೈನಿನಲ್ಲಿ ಅದರ 1.732 ಪಟ್ಟು, ಹತ್ತಿರ ಹತ್ತಿರ 72 ಆಂಪಿಯರ್. ಸ್ಟಾರ್‌ನಲ್ಲಿ ಸುರುಳಿಗೆ 240 ಭಾಗಿಸು 10, 24 ಆಂಪಿಯರ್, ಲೈನಿನಲ್ಲೂ ಅದೇ 24. ನೋಡಿ, ಸರಿಯಾಗಿ ಮೂರನೇ ಒಂದು! ಚಿಕ್ಕಪ್ಪ ಹೇಳಿದ ನಿಜ ಇದೇ.

ಆದರೆ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. ಸುರುಳಿಯ ವೋಲ್ಟೇಜು 1.732 ಪಟ್ಟು ಇಳಿದರೆ ಬಲ ಮೂರು ಪಟ್ಟು ಇಳಿಯುತ್ತದೆ. ಡೆಲ್ಟಾದಲ್ಲಿ ನೇರ ಹೊರಟರೆ ಪೂರ್ಣ ಲೋಡಿಗೆ ಬೇಕಾದುದರ ಒಂದೂವರೆ, ಎರಡು ಪಟ್ಟು ಬಲ ಇರುವ ಮೋಟಾರು ಸ್ಟಾರ್‌ನಲ್ಲಿ ಅರ್ಧ ಅಥವಾ ಸ್ವಲ್ಪ ಹೆಚ್ಚು ಬಲದಿಂದ ಹೊರಡುತ್ತದೆ. ನೀರಿನ ಪಂಪಿಗೆ ಇದು ಸಾಕು. ಪಂಪು ನಿಧಾನ ತಿರುಗುವಾಗ ಕೇಳುವ ಬಲ ಬಹಳ ಕಮ್ಮಿ. ಅರ್ಧ ವೇಗದಲ್ಲಿ ಕಾಲುಭಾಗವಷ್ಟೇ. ಹಿಟ್ಟಿನ ಗಿರಣಿಗೆ ಹಾಗಲ್ಲ. ಕಲ್ಲಿನ ನಡುವೆ ಜೋಳ ತುಂಬಿಸಿಟ್ಟು ಸ್ಟಾರ್‌ನಲ್ಲಿ ಹಾಕಿದರೆ ಮೋಟಾರು ಗುಂಯ್ ಎಂದು ಕೂಗಿ ನಿಂತಲ್ಲೇ ನಿಲ್ಲಬಹುದು. ಗಿರಣಿಯವರು ಖಾಲಿ ಓಡಿಸಿ ಆಮೇಲೆ ಕಾಳು ಸುರಿಯುವುದು ಇದಕ್ಕೇ.

ಈಗ ನನ್ನ ಮೊದಲನೇ ತಪ್ಪು. ನಿಂತ ಮೋಟಾರಿನ ಭಾರಿ ಕರೆಂಟು ವೇಗ ಬಂದ ಹಾಗೆ ಒಂದೇ ಸಮ ಇಳಿಯುವುದಿಲ್ಲ. ಪೂರ್ಣ ವೇಗದ ಮುಕ್ಕಾಲು ಭಾಗ ಮುಟ್ಟುವವರೆಗೂ ಹೆಚ್ಚು ಕಮ್ಮಿ ಹಾಗೇ ಇದ್ದು, ಆಮೇಲೆ ದಡದಡ ಇಳಿಯುತ್ತದೆ. ಎರಡು ಎಣಿಸಿ ಎಳೆದಾಗ ನಮ್ಮ ಮೋಟಾರು ಇನ್ನೂ ತೆವಳುತ್ತಿತ್ತು. ಆಗ ಡೆಲ್ಟಾಕ್ಕೆ ಹಾಕುವುದೂ ಒಂದೇ, ಸ್ಟಾರ್ಟರೇ ಇಲ್ಲದೆ ನೇರ ಹಾಕುವುದೂ ಒಂದೇ. ಅಂದರೆ ಫ್ಯೂಸು ಕಳೆಯುತ್ತಿದ್ದದ್ದು ಡೆಲ್ಟಾ ಅಲ್ಲ, ನನ್ನ ಅವಸರ.

ಎರಡನೇ ತಪ್ಪು ಹಗ್ಗ. ಪಂಪು ಪೂರ್ತಿ ನೀರು ಎತ್ತುವಾಗ ಕೇಳುವ ಶಕ್ತಿ ಅಷ್ಟೇ ಇರುತ್ತದೆ, ನಾವು ಸ್ಟಾರ್‌ನಲ್ಲಿಟ್ಟರೂ ಡೆಲ್ಟಾದಲ್ಲಿಟ್ಟರೂ. ಸುರುಳಿಯ ವೋಲ್ಟೇಜು ಕಮ್ಮಿಯಾದರೆ ಆ ಶಕ್ತಿ ಕೊಡಲು ಸುರುಳಿಯ ಕರೆಂಟು ಹೆಚ್ಚಲೇಬೇಕು. ಡೆಲ್ಟಾದಲ್ಲಿ ಲೈನಿನಲ್ಲಿ 14 ಆಂಪಿಯರ್ ಇದ್ದರೆ ಸುರುಳಿಯಲ್ಲಿ 8 ಮಾತ್ರ. ಸ್ಟಾರ್‌ನಲ್ಲಿ ಲೈನೂ ಸುರುಳಿಯೂ ಒಂದೇ ದಾರಿ, 14 ಇದ್ದರೆ ಅಷ್ಟೂ ಸುರುಳಿಯಲ್ಲೇ. ಕಾವು ಕರೆಂಟಿನ ವರ್ಗದಂತೆ ಏರುತ್ತದೆ. ಎಂಟರ ವರ್ಗ 64, ಹದಿನಾಲ್ಕರ ವರ್ಗ 196. ಮೂರು ಪಟ್ಟು ಕಾವು! ಮೇಲಾಗಿ ಬಲ ಸಾಲದೆ ವೇಗವೂ ತಗ್ಗಿತ್ತು. ನೀರು ಸಣ್ಣಗೆ ಬರುತ್ತಿದ್ದುದನ್ನು ನೋಡಿ ನಾನು ಬಾವಿಯಲ್ಲಿ ನೀರು ಇಳಿದಿದೆ ಎಂದುಕೊಂಡಿದ್ದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಇದು. ಅಮ್ಮೀಟರಿನ ಮುಳ್ಳು ಅಷ್ಟೂ ದಿನ 14ರ ಆಸುಪಾಸಿನಲ್ಲೇ ಇತ್ತು. ಓವರ್‌ಲೋಡ್ ರಿಲೇಯನ್ನು 15ಕ್ಕೆ ಇಟ್ಟಿದ್ದರು, ಅದೂ ಸುಮ್ಮನೇ ಇತ್ತು. ಎರಡೂ ಸುಳ್ಳು ಹೇಳಲಿಲ್ಲ. ಅವು ಇದ್ದದ್ದು ಲೈನ್ ತಂತಿಯಲ್ಲಿ, ಸುರುಳಿಯ ಸಂಕಟ ಅವಕ್ಕೆ ಕಾಣುವಂತಿರಲಿಲ್ಲ.

ಅಂಗಡಿಯವರು ಮೋಟಾರು ಬಿಚ್ಚಿದವರೇ, "ಏನ್ ಮರಿ, ಸ್ಟಾರ್‌ನಲ್ಲೇ ಓಡಿಸಿದ್ರಾ?" ಎಂದು ಕೇಳಿಬಿಟ್ಟರು. ಹೇಗೆ ಗೊತ್ತಾಯಿತು ಎಂದೆ. "ಮೂರು ಫೇಸೂ ಒಂದೇ ಥರ ಕರ್ರಗಾಗಿದೆ ನೋಡು. ಲೈನಲ್ಲಿ ಒಂದು ಫೇಸ್ ಹೋಗಿ ಡೆಲ್ಟಾ ಮೋಟಾರು ಸುಟ್ರೆ ಒಂದೇ ಸುರುಳಿ ಕರ್ರಗಾಗ್ತದೆ. ಇದು ಲೋಡ್ ತಡೀದೆ ಬೆಂದಿರೋದು. ಹಿಡಿ ಕಟ್ಟಿರ್ತೀರ ಅಂತ ಅಂದ್ಕೊಂಡೆ" ಎಂದರು. ನಾನು ತಲೆ ತಗ್ಗಿಸಿದೆ. ಹಿಡಿ ಕಟ್ಟುವುದರಿಂದ ಇನ್ನೊಂದು ಅಪಾಯವನ್ನೂ ಅವರೇ ಹೇಳಿದರು. ಕರೆಂಟು ಹೋಗಿ ಬಂದರೆ ಮೋಟಾರು ತಾನೇ ತಿರುಗತೊಡಗುತ್ತದೆ, ಯಾರಾದರೂ ಪಂಪಿಗೆ ಕೈ ಹಾಕಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ "ಸ್ಟಾರ್‌ನಲ್ಲಿ ಕರೆಂಟ್ ಕಮ್ಮಿ" ಎಂಬ ಮಾತು ಎಲ್ಲಿಂದ ಬಂತು? ದೊಡ್ಡ ಮೋಟಾರಿಗೆ ತೀರಾ ಸಣ್ಣ ಕೆಲಸ ಕೊಟ್ಟಿದ್ದರೆ, ಮೂರನೇ ಒಂದು ಲೋಡಿಗಿಂತಲೂ ಕಡಿಮೆ ಇದ್ದರೆ, ಸ್ಟಾರ್‌ನಲ್ಲೇ ಓಡಿಸಿ ನಿಜವಾಗಿಯೂ ಕರೆಂಟು ಉಳಿಸಬಹುದು. ಪೂರ್ತಿ ನೀರೆತ್ತುವ ನಮ್ಮ ಪಂಪಿಗೆ ಅದು ಹೊಂದುವುದಿಲ್ಲ.

ಮೋಟಾರು ಹೊಸ ವೈಂಡಿಂಗ್ ಆಗಿ ಬಂದ ಮೇಲೆ ರಿಲೇಯನ್ನು ಸುರುಳಿಗೆ ಹೋಗುವ ತಂತಿಗೆ ಬದಲಾಯಿಸಿ 8ಕ್ಕೆ ಇಟ್ಟಿದ್ದಾರೆ. ನಾನು ಈಗ ಎಣಿಸುವುದಿಲ್ಲ. ಮುಳ್ಳು ಮೇಲೆ ಹಾರಿ, ಇಳಿದು, ನಿಲ್ಲುವವರೆಗೆ ಕಾಯುತ್ತೇನೆ. ಮೋಟಾರಿನ ಶಬ್ದವೂ ಏರುತ್ತಾ ಹೋಗಿ ಒಂದು ಕಡೆ ಸಮವಾಗುತ್ತದೆ. ನಮ್ಮದಕ್ಕೆ ಏಳೆಂಟು ಸೆಕೆಂಡು ಹಿಡಿಯುತ್ತದೆ. ಆಮೇಲೆ ತಡಮಾಡದೆ ಒಂದೇ ಎಳೆತಕ್ಕೆ ಡೆಲ್ಟಾ. ಹಸಿರು ಗುಂಡಿಯನ್ನು ಒತ್ತಿ ಹಿಡಿಯುವ ಸ್ಟಾರ್ಟರ್ ಇದ್ದರೆ ಒತ್ತಿರುವಷ್ಟು ಹೊತ್ತು ಸ್ಟಾರ್, ಬಿಟ್ಟಾಗ ಡೆಲ್ಟಾ.

ನಿಮ್ಮ ಮೋಟಾರಿನಿಂದ ಸ್ಟಾರ್ಟರಿಗೆ ಎಷ್ಟು ತಂತಿ ಬಂದಿವೆ ಎಂದು ಮನೆಗೆ ಹೋಗಿ ನೋಡಿ, ಮುಟ್ಟಬೇಡಿ, ಎಣಿಸಿ ಅಷ್ಟೇ. ಆರು ಇದ್ದು, ತಗಡಿನ ಮೇಲೆ 415 ವೋಲ್ಟ್ ಡೆಲ್ಟಾ ಎಂದಿದ್ದರೆ ಈ ಪಾಠ ನಿಮಗೂ ಸೇರಿದ್ದು. ಮೂರೇ ಇದ್ದರೆ ಸುರುಳಿಗಳನ್ನು ಒಳಗೇ ಸೇರಿಸಿಬಿಟ್ಟಿರುತ್ತಾರೆ. 5 ಹೆಚ್.ಪಿ. ಒಳಗಿನ ಮೋಟಾರುಗಳು ಬಹಳಷ್ಟು ಹೀಗೇ, ಅವು ನೇರವಾಗಿಯೇ ಹೊರಡುತ್ತವೆ.