ಬದುವಿಗೆ ಬೆಂಕಿ ಹಚ್ಚೋ ಮುಂಚೆ

ತೋಟಗಾರಿಕೆ ಓದಿ ಬಂದವ ನಾನು. ಆದರೂ ಮೊದಲ ವರ್ಷ ಕುಸುಬೆ ಗಿಡದ ಮೇಲೆ ಸಣ್ಣ ಮೊಸಳೆಯಂಗ ಕಾಣುವ, ಕಿತ್ತಳೆ ಚುಕ್ಕಿಯ ಕಪ್ಪು ಹುಳ ನೋಡಿ ಔಷಧಿ ಹೊಡೆದೆ. ಅದು ಗುಲಗಂಜಿ ಹುಳದ ಮರಿ, ಸಸ್ಯಹೇನು ತಿನ್ನಲು ಬಂದಿತ್ತು! ಕೆಲವೇ ದಿನಕ್ಕೆ ಹೇನು ಮತ್ತೆ ತುಂಬಿಕೊಂಡಿತು, ತಿನ್ನೋರು ಉಳಿದಿರಲಿಲ್ಲ.

ದೊಡ್ಡ ಹುಳದ ಗುರುತು ನಮಗೈತಿ, ಮರಿಯ ಗುರುತಿಲ್ಲ. ಮಿಂಚುಹುಳದ್ದೂ ಇದೇ ಕಥೆ. ಅದೂ ಜೀರುಂಡೆ ಜಾತಿಯದೇ. ಹಾರಾಡಿ ಮಿನುಗೋದು ಮಳೆಗಾಲದ ಕೆಲವೇ ವಾರ. ಉಳಿದ ತಿಂಗಳೆಲ್ಲ ಅದರ ಮರಿ ತೇವದ ಮಣ್ಣು, ಕೊಳೆತ ಎಲೆ, ಹುಲ್ಲಿನ ಬುಡದಲ್ಲಿದ್ದು ಬಸವನಹುಳ ತಿನ್ನುತ್ತದೆ. ಬೇಸಿಗೆಯಲ್ಲಿ ಬದು ಸುಟ್ಟರೆ ಆ ಮರಿಗಳೂ ಸುಡುತ್ತವೆ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಗೆಳೆಯರೇ, ಇಷ್ಟು ಮಾಡಿ:

• ಬದು ಸುಡಬೇಡಿ. ಹುಲ್ಲು ಕೊಯ್ದು ಗಿಡದ ಬುಡಕ್ಕೆ ಹೊದಿಸಿ.
• ಹಳ್ಳದ ದಂಡೆ, ಕೃಷಿ ಹೊಂಡದ ಸುತ್ತ ಒಂದೆರಡು ಮಾರು ಹುಲ್ಲು ಹಂಗೇ ಬಿಡಿ.
• ಹಿಂಗಾರಿ ಕಡಲೆಯಲ್ಲಿ ಕುಸುಬೆ ಅಕ್ಕಡಿ ಹಾಕಿ. ಅದರ ಹೇನಿಗೆ ಗುಲಗಂಜಿ ಹುಳ ಬಂದು ನೆಲೆಸುತ್ತವೆ.
• ಕತ್ತಲಾದ ಮೇಲೆ ಹೊಲದ ಮನೆಯ ಬೇಡದ ದೀಪ ಆರಿಸಿ. ಮಿಂಚುಹುಳದ ಗಂಡು ಹೆಣ್ಣು ಬೆಳಕಿನ ಸನ್ನೆಯಿಂದಲೇ ಕೂಡುತ್ತವೆ.

ಎಲ್ಲ ಮರಿಯೂ ಒಳ್ಳೇದಲ್ಲ. ಮಣ್ಣಿನಲ್ಲಿ ಬಾಗಿ ಮಲಗುವ ಬಿಳಿ ಗೊಣ್ಣೆಹುಳ ಬೇರು ಕಡಿಯುತ್ತದೆ. ಅದಕ್ಕೇ, ಗುರುತು ಸಿಗದ ಹುಳ ಕಂಡರೆ ಪಂಪು ಹೆಗಲಿಗೇರಿಸೋ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದು ತಿಳಿದವರಿಗೆ ತೋರಿಸಿ. ಈ ಮಳೆಗಾಲ ಒಂದು ರಾತ್ರಿ ಟಾರ್ಚ್ ಆರಿಸಿ ಬದುವಿನ ಮೇಲೆ ನಿಂತು ನೋಡಿ. ಎಷ್ಟು ಮಿನುಗುತ್ತವೆ, ಎಣಿಸಿ ಬರೆದಿಡಿ. ಬರುವ ವರ್ಷ ಹೋಲಿಸೋಣ.